ನಿಮ್ಮದು ಎಷ್ಟರ ಆಟ?

ಕಳೆದ ವರ್ಷದ ಮಾತು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಭಾನುವಾರ ನಡೆಯಲಿದ್ದ ಪಿಕಲ್‌ಬಾಲ್ ಪಂದ್ಯಾವಳಿಗೆ ಹೆಸರು ಕೊಡಲು ಹೋಗಿದ್ದೆ. ಅರ್ಜಿಯಲ್ಲಿ ಹೆಸರು, ವಯಸ್ಸು, ಫೋನ್ ನಂಬರಿನ ಕೆಳಗೆ ಇನ್ನೊಂದು ಸಾಲಿತ್ತು: 'ನಿಮ್ಮ ಆಟದ ಮಟ್ಟ'. ಅದರ ಮುಂದೆ 2.5, 3.0, 3.5, 4.0 ಎಂಬ ನಾಲ್ಕು ಅಂಕಿಗಳು. ಆಟ ಕಲಿಯಲು ತೊಡಗಿ ಆಗ ನಾಲ್ಕು ತಿಂಗಳಾಗಿತ್ತು. ಕಾಲೇಜಿನಲ್ಲಿ ಶಟಲ್ ಆಡಿದ ಕೈ. ಕಚೇರಿಯ ಗೆಳೆಯರನ್ನೆಲ್ಲ ಸೋಲಿಸಿದ್ದೆ. ಹೆಚ್ಚು ಯೋಚಿಸದೆ 3.5ಕ್ಕೆ ಗುರುತು ಹಾಕಿದೆ.

ಮೊದಲ ಸುತ್ತಿನಲ್ಲಿ ನನಗೂ ನನ್ನ ಜೊತೆಗಾರನಿಗೂ ಎದುರಾದವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಇಬ್ಬರು ಮಹಿಳೆಯರು. ಕಾಲು ಗಂಟೆಯಲ್ಲಿ 11-2ರಿಂದ ಸೋತೆವು. ಅವರು ಒಂದು ಸಲವೂ ಚೆಂಡನ್ನು ಜೋರಾಗಿ ಹೊಡೆದಂತೆ ಕಾಣಲಿಲ್ಲ. ಕೈ ಕುಲುಕುವಾಗ ಅವರಲ್ಲೊಬ್ಬರು ಕೇಳಿದರು: "ಏನಪ್ಪಾ, ನಿಂದು 3.5 ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಆಂಟಿ, ನಾನೇ ಬರ್ಕೊಂಡೆ" ಎಂದೆ.

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಒಬ್ಬ ಆಟಗಾರನ ಮಟ್ಟವನ್ನು ಒಂದು ಅಂಕಿಯಲ್ಲಿ ಹೇಳುವ ಈ ಪದ್ಧತಿ ಎಲ್ಲಿಂದ ಬಂತು? ಅದನ್ನು ಆಟಗಾರನೇ ಹೇಳಿಕೊಳ್ಳಬೇಕೆಂದು ನಿರ್ಧರಿಸಿದವರು ಯಾರು? ನಮ್ಮ ಆಟವನ್ನು ನಾವೇ ಅಳೆದುಕೊಳ್ಳಲು ನಿಜವಾಗಿಯೂ ಸಾಧ್ಯವೇ?

ಅಂಕಿ ಇಲ್ಲದ ಆಟ

ಪಿಕಲ್‌ಬಾಲ್ ಹುಟ್ಟಿದ್ದು 1965ರ ಬೇಸಿಗೆಯಲ್ಲಿ, ಅಮೆರಿಕದ ಸಿಯಾಟಲ್ ನಗರದ ಸಮೀಪದ ಬೈನ್‌ಬ್ರಿಜ್ ದ್ವೀಪದಲ್ಲಿ. ವಾಷಿಂಗ್ಟನ್ ರಾಜ್ಯದ ಶಾಸಕರಾಗಿದ್ದ ಜೋಯಲ್ ಪ್ರಿಚರ್ಡ್ ಮತ್ತು ಅವರ ಸ್ನೇಹಿತ, ವ್ಯಾಪಾರಿ ಬಿಲ್ ಬೆಲ್ ಒಂದು ಶನಿವಾರ ಗಾಲ್ಫ್ ಮುಗಿಸಿಕೊಂಡು ಮನೆಗೆ ಬಂದಾಗ ಮಕ್ಕಳಾದಿಯಾಗಿ ಮನೆಮಂದಿಯೆಲ್ಲ ಮಾಡಲು ಏನೂ ತೋಚದೆ ಕುಳಿತಿದ್ದರಂತೆ. ಹಿತ್ತಲಲ್ಲಿ ಹಳೆಯದೊಂದು ಬ್ಯಾಡ್ಮಿಂಟನ್ ಅಂಗಳವಿತ್ತು, ಆದರೆ ಆಡಲು ಬೇಕಾದ ಸಾಮಾನು ಪೂರ್ತಿ ಸಿಗಲಿಲ್ಲ. ಟೇಬಲ್ ಟೆನಿಸ್ ಬ್ಯಾಟುಗಳನ್ನೂ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಆಟ ಶುರು ಮಾಡಿದರು. ಚೆಂಡು ನೆಲದ ಮೇಲೆ ಚೆನ್ನಾಗಿ ಪುಟಿಯುವುದನ್ನು ಕಂಡು, 60 ಅಂಗುಲ ಎತ್ತರದಲ್ಲಿದ್ದ ನೆಟ್ಟನ್ನು 36 ಅಂಗುಲಕ್ಕೆ ಇಳಿಸಿದರು. ಮುಂದಿನ ವಾರ ಬಂದ ಗೆಳೆಯ ಬಾರ್ನಿ ಮೆಕಲಮ್ ಕೂಡ ಸೇರಿಕೊಂಡು, ಮೂವರೂ ನಿಯಮಗಳನ್ನು ರೂಪಿಸಿದರು.

ಅಂಗಳದ ಅಳತೆ ಇಂದಿಗೂ ಬ್ಯಾಡ್ಮಿಂಟನ್ ಡಬಲ್ಸ್ ಅಂಗಳದ್ದೇ: 44 ಅಡಿ ಉದ್ದ, 20 ಅಡಿ ಅಗಲ. ಆ ಬ್ಯಾಡ್ಮಿಂಟನ್ನಿನ ಬೇರು ನಮ್ಮ ಪುಣೆಯಲ್ಲಿ 19ನೇ ಶತಮಾನದ ಬ್ರಿಟಿಷ್ ಸೇನಾಧಿಕಾರಿಗಳು ಆಡುತ್ತಿದ್ದ ಆಟಕ್ಕೆ ತಗಲುತ್ತದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಭಾರತದಲ್ಲಿ ಪಿಕಲ್‌ಬಾಲ್‌ಗೆಂದೇ ಒಂದು ಸಂಘ ಮುಂಬೈಯಲ್ಲಿ 2008ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಇಂದು ತಾರಸಿಗಳ ಮೇಲೂ ಅಪಾರ್ಟ್‌ಮೆಂಟ್ ಆವರಣಗಳಲ್ಲೂ ಇದರ ಅಂಗಳಗಳು ಕಾಣುತ್ತವೆ.

ಗಮನಿಸಬೇಕಾದದ್ದು ಆಟದ ಉದ್ದೇಶ. ಅಪ್ಪ, ಮಗಳು, ಅಜ್ಜ, ನೆರೆಮನೆಯವರು ಎಲ್ಲರೂ ಒಂದೇ ಅಂಗಳದಲ್ಲಿ ಆಡಬೇಕೆಂಬುದು ಅದರ ಮೂಲ. ನೆಟ್ಟಿನ ಎರಡೂ ಬದಿಗೆ 7 ಅಡಿಯ ಒಂದು ಪಟ್ಟಿಯಿದೆ. 'ಕಿಚನ್' ಎಂದು ಕರೆಯುವ ಈ ಪಟ್ಟಿಯೊಳಗೆ ನಿಂತು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಎತ್ತರದವನೊಬ್ಬ ನೆಟ್ಟಿಗೆ ಅಂಟಿಕೊಂಡು ನಿಂತು ಉಳಿದವರ ಆಟವನ್ನೇ ಮುಗಿಸಬಾರದೆಂಬ ಎಚ್ಚರ ಈ ನಿಯಮದಲ್ಲಿದೆ. ಅಂದು ಆ ಹಿತ್ತಲಲ್ಲಿ ಯಾರಿಗೂ ಅಂಕಿ ಬೇಕಿರಲಿಲ್ಲ. ಯಾರ ಆಟ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಳತೆಗೋಲಿನ ಹುಡುಕಾಟ

ಅಂಕಿ ಬೇಕಾಗುವುದು ಅಪರಿಚಿತರು ಎದುರಾದಾಗ. ಈ ತೊಡಕನ್ನು ಮೊದಲು ಎದುರಿಸಿದ ಆಟಗಳಲ್ಲಿ, ಪ್ರಿಚರ್ಡ್ ಮತ್ತು ಬೆಲ್ ಆ ಶನಿವಾರ ಆಡಿ ಬಂದಿದ್ದ ಗಾಲ್ಫ್ ಕೂಡ ಒಂದು. ಬಲ್ಲವನೂ ಹೊಸಬನೂ ಸಮನಾಗಿ ಸ್ಪರ್ಧಿಸಲೆಂದು ದುರ್ಬಲ ಆಟಗಾರನಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಡುವ 'ಹ್ಯಾಂಡಿಕ್ಯಾಪ್' ಪದ್ಧತಿ ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಬೆಳೆಯಿತು. ಅಮೆರಿಕದ ಗಾಲ್ಫ್ ಸಂಸ್ಥೆ 1911ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಂದು ಕ್ರಮವನ್ನು ಒಪ್ಪಿಕೊಂಡಿತು. 2020ರಲ್ಲಿ ಜಾಗತಿಕವಾಗಿ ಜಾರಿಗೆ ಬಂದ ಪದ್ಧತಿಯಲ್ಲಿ ಆಟಗಾರನ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅಂದರೆ ಗಾಲ್ಫ್ ಅಳೆಯುವುದು ಆಟಗಾರ ದಿನಾ ಹೇಗೆ ಆಡುತ್ತಾನೆ ಎಂಬುದನ್ನಲ್ಲ. ಚೆನ್ನಾಗಿ ಆಡಿದ ದಿನ ಎಷ್ಟು ಆಡಬಲ್ಲ ಎಂಬುದನ್ನು.

ಚದುರಂಗ ಹಿಡಿದ ದಾರಿ ಬೇರೆ. ಹಂಗೇರಿಯಲ್ಲಿ 1903ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಅರ್ಪಾದ್ ಈಲೋ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರು ರೂಪಿಸಿದ ಲೆಕ್ಕದ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲೂ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 1970ರಲ್ಲೂ ಸ್ವೀಕರಿಸಿದವು. ಅದರ ತಿರುಳು ಸರಳ. ಇಬ್ಬರ ಅಂಕಿಗಳ ನಡುವಿನ ಅಂತರ ನೋಡಿ, ಯಾರು ಎಷ್ಟು ಗೆಲ್ಲಬಹುದೆಂದು ಮೊದಲೇ ಅಂದಾಜು ಮಾಡುವುದು. ಫಲಿತಾಂಶ ಅಂದಾಜಿಗಿಂತ ಮೇಲಾದರೆ ಅಂಕಿಯನ್ನು ಏರಿಸುವುದು, ಕೆಳಗಾದರೆ ಇಳಿಸುವುದು. 200 ಅಂಕಗಳ ಅಂತರವಿದ್ದರೆ ಮೇಲಿನವನು ನೂರಕ್ಕೆ ಸುಮಾರು 76 ಪಾಲು ಗಳಿಸಬೇಕು. ಇಷ್ಟು ಅಚ್ಚುಕಟ್ಟಾದ ಪದ್ಧತಿ ಕಟ್ಟಿದ ಈಲೋ ಅವರಿಗೇ ಅದರ ಮಿತಿ ತಿಳಿದಿತ್ತು. ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವ ಬೆಂಡನ್ನು, ಗಾಳಿಗೆ ಹೊಯ್ದಾಡುವ ಹಗ್ಗಕ್ಕೆ ಕಟ್ಟಿದ ಕೋಲಿನಿಂದ ಅಳೆದಂತೆ ಎಂದು ಅವರೇ ಇದನ್ನು ಹೋಲಿಸಿದ್ದರು.

ಮೂರನೆಯ ದಾರಿ ಟೆನಿಸ್ಸಿನದು. ವಾರಾಂತ್ಯದಲ್ಲಷ್ಟೇ ಆಡುವ ಲಕ್ಷಾಂತರ ಜನರ ಪಂದ್ಯಗಳ ದಾಖಲೆ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಅಮೆರಿಕದ ಟೆನಿಸ್ ಸಂಘ 1970ರ ದಶಕದ ಕೊನೆಯಲ್ಲಿ 1.0ರಿಂದ 7.0ವರೆಗಿನ ಮೆಟ್ಟಿಲುಗಳನ್ನು ಗೊತ್ತುಮಾಡಿತು. ಪ್ರತಿ ಮೆಟ್ಟಿಲಿನ ಆಟಗಾರನಿಗೆ ಏನೇನು ಬರುತ್ತದೆಂದು ನಾಲ್ಕು ಮಾತಿನಲ್ಲಿ ಬರೆಯಿತು. ಓದಿ ನೋಡಿ, ನಿಮಗೆ ಹೊಂದುವುದನ್ನು ನೀವೇ ಆರಿಸಿಕೊಳ್ಳಿ ಎಂದಿತು. ಗಾಲ್ಫಿನಲ್ಲೂ ಚೆಸ್ಸಿನಲ್ಲೂ ಫಲಿತಾಂಶ ಮಾತನಾಡುತ್ತಿತ್ತು. ಇಲ್ಲಿ ಮೊದಲ ಬಾರಿಗೆ ಆಟಗಾರನ ಪ್ರಾಮಾಣಿಕತೆಯೇ ಅಳತೆಗೋಲಾಯಿತು.

ಮೂರನೆಯ ಹೊಡೆತದ ಪರೀಕ್ಷೆ

ಪಿಕಲ್‌ಬಾಲ್ ಅನುಸರಿಸಿದ್ದು ಟೆನಿಸ್ಸಿನ ಈ ದಾರಿಯನ್ನೇ. ವಾಷಿಂಗ್ಟನ್ ರಾಜ್ಯದ ಟಕ್ವಿಲಾದಲ್ಲಿ 1976ರಲ್ಲಿ ಮೊದಲ ಪಂದ್ಯಾವಳಿ ನಡೆಯಿತು, 1984ರಲ್ಲಿ ನಿಯಮ ಪುಸ್ತಕ ಬಂತು. 2005ರಲ್ಲಿ ಹೊಸದಾಗಿ ಸಂಘಟಿತವಾದ ಅಮೆರಿಕದ ಪಿಕಲ್‌ಬಾಲ್ ಸಂಘ ಅರ್ಧರ್ಧ ಅಂಕದ ಮೆಟ್ಟಿಲುಗಳನ್ನೂ ಅವುಗಳ ವಿವರಣೆಯನ್ನೂ ಬಳಕೆಗೆ ತಂದಿತು.

ಆ ವಿವರಣೆಗಳನ್ನು ನಾನು ಸರಿಯಾಗಿ ಓದಿದ್ದು ಸೋತ ಮೇಲೆ. 2.5ರವನು ತನ್ನಂಥವರ ಜೊತೆ ಒಂದಷ್ಟು ಹೊತ್ತು ಚೆಂಡನ್ನು ಆಟದಲ್ಲಿಡಬಲ್ಲ, ಅಂಕ ಎಣಿಸಬಲ್ಲ. 3.0ರವನು ಮಧ್ಯಮ ವೇಗದಲ್ಲಿ ಹೊಡೆಯಬಲ್ಲ. ಆದರೆ ಬೇಕಾದ ದಿಕ್ಕಿಗೆ, ಪ್ರತಿ ಸಲವೂ ಹೊಡೆಯಲಾರ. 3.5ರವನಿಗೆ ಹೊಡೆತದ ಮೇಲೆ ಒಂದು ಮಟ್ಟಿನ ಹಿಡಿತ ಬಂದಿರುತ್ತದೆ. 4.0ರವನ ಹೊಡೆತಗಳನ್ನು ನಂಬಬಹುದು. ಮೇಲೇರಿದಂತೆ ಪಟ್ಟಿ ಒತ್ತಿ ಕೇಳುವುದು ಬಲವನ್ನಲ್ಲ, ಸ್ಥಿರತೆಯನ್ನು.

ಇದಕ್ಕೆ ಕಾರಣ ಆಟದ ರಚನೆಯಲ್ಲೇ ಇದೆ. ಸರ್ವ್ ಮಾಡಿದ ಚೆಂಡು ಒಮ್ಮೆ ನೆಲಕ್ಕೆ ಪುಟಿಯಬೇಕು. ಮರಳಿ ಬಂದ ಚೆಂಡೂ ಒಮ್ಮೆ ಪುಟಿಯಬೇಕು. ಆದ್ದರಿಂದ ಸರ್ವ್ ಮಾಡಿದ ಜೋಡಿ ಹಿಂದೆಯೇ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಎದುರಾಳಿಗಳು ಮುಂದೆ ಬಂದು ಕಿಚನ್ ಗೆರೆಯ ಬಳಿ ನೆಲೆಯೂರುತ್ತಾರೆ. ಆಗ ಬರುವುದೇ ಮೂರನೆಯ ಹೊಡೆತ. ಜೋರಾಗಿ ಬಾರಿಸಿದರೆ ಮುಂದೆ ನಿಂತವರು ಅಷ್ಟೇ ಜೋರಾಗಿ ಕಾಲ ಬುಡಕ್ಕೆ ತಿರುಗಿಸುತ್ತಾರೆ. ಚೆಂಡನ್ನು ಮೃದುವಾಗಿ ಎತ್ತಿ, ನೆಟ್ ದಾಟಿಸಿ, ಅವರ ಕಿಚನ್ನಿನೊಳಗೆ ಇಳಿಸಬಲ್ಲವರು ಮಾತ್ರ ಮುಂದೆ ಹೆಜ್ಜೆಯಿಡಬಲ್ಲರು. ಶಟಲ್ ಆಡಿದ ನನ್ನ ಕೈಗೆ ಬಾರಿಸುವುದು ಗೊತ್ತಿತ್ತು, ಇಳಿಸುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ತನ್ನ ಬೆನ್ನು ತನಗೆ ಕಾಣದು

ಈ ಕೊನೆಯ ಮಾತೇ ಸಮಸ್ಯೆಯ ಗಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆಯ ಪರೀಕ್ಷೆಗಳನ್ನು ಕೊಟ್ಟು, ಉಳಿದವರಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಎಂದು ಕೇಳಿದರು. ಅತಿ ಕಡಿಮೆ ಅಂಕ ಪಡೆದ ಕಾಲು ಭಾಗದ ವಿದ್ಯಾರ್ಥಿಗಳು ನೂರು ಜನರಲ್ಲಿ ಸರಾಸರಿ 12 ಜನರಿಗಿಂತ ಮಾತ್ರ ಮುಂದಿದ್ದರು. ಆದರೆ ತಾವು 62 ಜನರಿಗಿಂತ ಮುಂದಿದ್ದೇವೆಂದು ಎಣಿಸಿದ್ದರು. ಅತ್ಯುತ್ತಮರಾದವರು ಮಾತ್ರ ತಮ್ಮನ್ನು ತುಸು ಕಡಿಮೆಯೇ ಅಂದಾಜಿಸಿಕೊಂಡಿದ್ದರು.

ಅವರು ಕೊಟ್ಟ ವಿವರಣೆ ಹೀಗೆ: ಒಂದು ಕೆಲಸವನ್ನು ಚೆನ್ನಾಗಿ ಮಾಡಲು ಯಾವ ತಿಳಿವಳಿಕೆ ಬೇಕೋ, ಅದು ಚೆನ್ನಾಗಿದೆಯೇ ಎಂದು ಅಳೆಯಲೂ ಅದೇ ತಿಳಿವಳಿಕೆ ಬೇಕು. ಅದಿಲ್ಲದವನಿಗೆ ತಪ್ಪೂ ಕಾಣದು. ಈ ಅಂತರದಲ್ಲಿ ಒಂದಷ್ಟು ಭಾಗ ಕೇವಲ ಸಂಖ್ಯಾಶಾಸ್ತ್ರದ ಆಟವೆಂದು ಮುಂದೆ ಹಲವು ಸಂಶೋಧಕರು ವಾದಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಆದರೂ ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ಮುಖ್ಯ. ತರ್ಕದಲ್ಲಿ ಹಿಂದುಳಿದವರಿಗೆ ಸ್ವಲ್ಪ ತರಬೇತಿ ಕೊಟ್ಟಾಗ ಅವರು ತಮ್ಮ ಹಳೆಯ ಅಂದಾಜನ್ನು ತಾವೇ ಕೆಳಗಿಳಿಸಿಕೊಂಡರು. ಕಲಿತ ಮೇಲೆ ಕಣ್ಣು ತೆರೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಆದರೆ ಅವಳು ಸುಳ್ಳು ಹೇಳುತ್ತಿರಲಾರಳು. ಅವಳಿಗೆ ನಿಜವಾಗಿಯೂ ನೆಲ ಡೊಂಕಾಗಿಯೇ ಕಂಡಿರಬಹುದು.

ಗಣಕದ ತೀರ್ಪು

ಹಾಗಾದರೆ ಅಳೆಯುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ? ಅದೂ ಆಗಿದೆ. 2021ರಲ್ಲಿ ಬಂದ 'ಡ್ಯೂಪರ್' ಎಂಬ ಪದ್ಧತಿ ವಯಸ್ಸು, ಲಿಂಗದ ಭೇದವಿಲ್ಲದೆ ಎಲ್ಲರಿಗೂ 2ರಿಂದ 8ರವರೆಗಿನ ಒಂದೇ ಅಳತೆಯಲ್ಲಿ, ಮೂರು ದಶಮಾಂಶ ಸ್ಥಾನಗಳವರೆಗೆ ಅಂಕಿ ಕೊಡುತ್ತದೆ. ಯಾರ ಜೊತೆಗೂಡಿ, ಯಾರ ವಿರುದ್ಧ, ಎಷ್ಟಕ್ಕೆ ಎಷ್ಟು ಎಂಬ ಫಲಿತಾಂಶಗಳೇ ಅದರ ಆಹಾರ. ಅಂದರೆ ಟೆನಿಸ್ಸಿನ ಮೆಟ್ಟಿಲು ಹತ್ತಿದ ಆಟ ಕೊನೆಗೆ ಈಲೋ ಅವರ ಬಾಗಿಲಿಗೇ ಬಂದು ನಿಂತಿತು.

ಇದರಿಂದ ಅನುಕೂಲವಿದೆ. ಹೊಸಬನೊಬ್ಬ ಬಲ್ಲವರ ನಡುವೆ ಸಿಕ್ಕಿ ಕಂಗೆಡುವುದು ತಪ್ಪುತ್ತದೆ. ಬಹುಮಾನದ ಆಸೆಗೆ ಬೇಕೆಂದೇ ಕೆಳಗಿನ ಮಟ್ಟದಲ್ಲಿ ಹೆಸರು ಕೊಡುವವರೂ ಸಿಕ್ಕಿಬೀಳುತ್ತಾರೆ. ಆದರೆ ಅಂಕಿ ಇಳಿದೀತೆಂಬ ಭಯಕ್ಕೆ ತಮಗಿಂತ ಕಡಿಮೆಯವರ ಜೊತೆ ಆಡಲು ಹಿಂಜರಿಯುವವರನ್ನು ನಾನೇ ಕಂಡಿದ್ದೇನೆ. ಎಲ್ಲರೂ ಒಟ್ಟಿಗೆ ಆಡಲೆಂದು ಹುಟ್ಟಿದ ಆಟದಲ್ಲಿ, 'ನಿಮ್ಮದು ಎಷ್ಟು?' ಎಂಬ ಪ್ರಶ್ನೆ ನಮಸ್ಕಾರಕ್ಕಿಂತ ಮೊದಲು ಬರತೊಡಗಿದರೆ ಏನನ್ನೋ ಕಳೆದುಕೊಂಡಂತೆ. ಅಂಕಿ ಸರಿಯಾದ ಜೊತೆ ಹುಡುಕಿಕೊಡಬೇಕೇ ಹೊರತು ಜೊತೆಯನ್ನೇ ತಪ್ಪಿಸಬಾರದು.

ಹತ್ತು ಚೆಂಡುಗಳ ಲೆಕ್ಕ

ಪಂದ್ಯ ಮುಗಿದ ಮೇಲೆ ಆ ಹಿರಿಯರು ನನ್ನನ್ನು ಪಕ್ಕದ ಅಂಗಳಕ್ಕೆ ಕರೆದರು. "ಹತ್ತು ಚೆಂಡು ಹಾಕ್ತೀನಿ. ಹಿಂದಿನ ಗೆರೆಯಿಂದ ಕಿಚನ್ನೊಳಗೆ ಇಳ್ಸು. ಎಷ್ಟು ಬೀಳತ್ತೆ ನೀನೇ ಎಣಿಸ್ಕೋ" ಎಂದರು. ಬಿದ್ದದ್ದು ಮೂರು. ನಂತರ ಅವರೇ ಆಡಿ ತೋರಿಸಿದರು: ಎಂಟು.

ಯಾವ ವಿವರಣೆಗಿಂತಲೂ ಆ ಲೆಕ್ಕ ನನಗೆ ಹೆಚ್ಚು ಹೇಳಿತು. 'ನಾನು ಎಷ್ಟರ ಆಟಗಾರ?' ಎಂದು ಕೇಳಿಕೊಂಡರೆ ಉತ್ತರ ಕೊಡುವುದು ನಮ್ಮ ಅಭಿಮಾನ. ನೆನಪಿಗೆ ಬರುವುದು ನಾವು ಹೊಡೆದ ಒಂದೇ ಒಂದು ಒಳ್ಳೆಯ ಹೊಡೆತ. 'ಹತ್ತು ಸಲ ಮಾಡಿದರೆ ಎಷ್ಟು ಸಲ ಸರಿಯಾಗುತ್ತದೆ?' ಎಂದು ಕೇಳಿಕೊಂಡರೆ ಉತ್ತರ ಕೊಡುವುದು ಚೆಂಡು. ಎರಡನೆಯ ಪ್ರಶ್ನೆಗೆ ಗಣಕ ಬೇಡ, ಎಣಿಸಲು ಬಂದರೆ ಸಾಕು. ಜೊತೆಗೆ, ಮುಲಾಜಿಲ್ಲದೆ ನಿಜ ಹೇಳುವ ಹಿರಿಯರೊಬ್ಬರಿದ್ದರೆ ಇನ್ನೂ ಒಳ್ಳೆಯದು.

ಈ ವರ್ಷದ ಅರ್ಜಿಯಲ್ಲಿ 3.0 ಎಂದು ಬರೆದೆ. ಎರಡು ಸುತ್ತು ಗೆದ್ದು, ಮೂರನೆಯದರಲ್ಲಿ 11-8ರಿಂದ ಸೋತೆ. ಹತ್ತರಲ್ಲಿ ಈಗ ಐದು ಬೀಳುತ್ತಿವೆ.