ಬಡಾ ದಿನದ ಮುನ್ನಿರುಳಿನ ತಾಟು

ಬೀದರ ಪಟ್ಟಣದಲ್ಲಿ ಕ್ರಿಸ್ತಜಯಂತಿಯ ಹೊತ್ತಿಗೆ ನಡೆದುದೆಂದು ಬರಹದಲ್ಲಿ ಉಳಿದುಬಂದಿರುವ ಹಳೆಯ ಸಂಗತಿಗಳನ್ನು ನೆನೆದಾಗ ಮೊದಲು ಕಣ್ಣಿಗೆ ಕಟ್ಟುವುದು ದಾನವೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಒಂದು ಕುದುರೆಯ ವಿಕ್ರಯ. ವೋಲ್ಗಾ ನದಿಯ ತೀರದ ತ್ವೇರ್ ಪಟ್ಟಣದಿಂದ ಹೊರಟು, ದಾರಿಯಲ್ಲಿ ಸುಲಿಗೆಗೆ ಸಿಕ್ಕಿ ಇದ್ದುದನ್ನೆಲ್ಲ ಕಳೆದುಕೊಂಡು, ಕಡಲು ದಾಟಿ ಚೌಲ್ ಬಂದರಿನಲ್ಲಿ ಇಳಿದ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು, 1470ರ ಆಸುಪಾಸಿನಲ್ಲಿ, ತನ್ನೊಡನೆ ತಂದಿದ್ದ ಒಂದೇ ಒಂದು ಗಂಡುಕುದುರೆಯನ್ನು ಜುನ್ನರಿನ ಅಧಿಕಾರಿಯ ಕೈಯಿಂದ ಬಹು ಕಷ್ಟದಿಂದ ಬಿಡಿಸಿಕೊಂಡು, ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಕ್ಕೆ ಬಂದು, ಕ್ರಿಸ್ತಜನನದ ಹಬ್ಬದ ದಿನಗಳಲ್ಲಿ ಅದನ್ನು ಮಾರಿದೆನೆಂದು ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಮಹಮೂದ್ ಗವಾನನು ಮಂತ್ರಿಯಾಗಿದ್ದ ಕಾಲವದು. 1472ರಲ್ಲಿ ಮುಗಿದ ಆತನ ಮದರಸೆಯ ಗೋಡೆಗಳು ನಿಕಿತಿನನ ಕಣ್ಣೆದುರಿನಲ್ಲಿಯೇ ಏಳುತ್ತಿದ್ದಿರಬೇಕು. ಊರಿನವರಿಗೆ ನಿಕಿತಿನನು ಖ್ವಾಜಾ ಯೂಸುಫ್ ಖೊರಾಸಾನಿ. ಪುಸ್ತಕಗಳೆಲ್ಲ ಸುಲಿಗೆಯಲ್ಲಿ ಹೋದುದರಿಂದ ತನ್ನ ಮತದ ಹಬ್ಬಗಳೇ ಮರೆತುಹೋದುವು, ಕ್ರಿಸ್ತಜನನದ ದಿನ ಯಾವುದೆಂಬುದೂ ತಿಳಿಯದು ಎಂದು ಅದೇ ಕಥನದಲ್ಲಿ ಮತ್ತೊಂದೆಡೆ ಹಲುಬುವ ಈ ಮನುಷ್ಯನಿಗೆ ಕುದುರೆ ಮಾರಿದ ದಿನ ಮಾತ್ರ ಹಬ್ಬದ ಲೆಕ್ಕದಲ್ಲಿ ನೆನಪಿದ್ದುದು ವರ್ತಕ ಸ್ವಭಾವದ ಸೊಗಸೆಂದೇ ನಾನು ತಿಳಿಯುತ್ತೇನೆ. ಕೊಡುವುದಕ್ಕಾಗಲಿ ಕೊಳ್ಳುವುದಕ್ಕಾಗಲಿ ಆ ಊರಿನಲ್ಲಿ ಆತನಿಗೆ ನಂಟರಿರಲಿಲ್ಲ. ಹಬ್ಬವು ವ್ಯಾಪಾರದಲ್ಲಿಯೇ ಮುಗಿಯಿತು.

ಅಲ್ಲಿಂದ ನಾಲ್ಕು ಶತಮಾನಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಬೇಕು. ಬರೀದಶಾಹಿ ಬಂದು ಹೋಯಿತು, ಮೊಗಲರು ಬಂದು ಹೋದರು, ನಿಜಾಮರ ಆಳ್ವಿಕೆ ನೆಲೆನಿಂತಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೈದರಾಬಾದಿನ ಕಡೆಯಿಂದ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ವಿಕಾರಾಬಾದು, ಬೀದರಗಳ ದಾರಿ ಹಿಡಿದರು. ಶಾಲೆ, ಆಸ್ಪತ್ರೆ, ಪ್ರಾರ್ಥನಾಮಂದಿರ ಎಂಬ ಮೂರು ಕಟ್ಟಡಗಳ ಸುತ್ತ ಮಂಗಲಪೇಟೆಯ ಬಾಳು ರೂಪುಗೊಂಡಿತು. ಇಂದಿಗೂ ಅಲ್ಲಿಯ ಸೇಂಟ್ ಪಾಲ್ ಮೆಥೋಡಿಸ್ಟ್ ಚರ್ಚು ಊರಿನ ಕ್ರೈಸ್ತರ ಹಬ್ಬದ ಮುಖ್ಯ ನೆಲೆ, ನಾರ್ಮಾ ಫೆಂಡ್ರಿಕ್ ಎಂಬ ಮಿಷನರಿಯ ಹೆಸರು ಅಲ್ಲಿಯ ಶಾಲೆಯ ಹಲಗೆಯ ಮೇಲಿದೆ. ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಮತವನ್ನು ಕೈಕೊಂಡವರು ಬಹುತೇಕ ಊರ ಹೊರಗಿನ ಕೇರಿಗಳ ಜನ. ಕಣದಲ್ಲಿ ರಾಶಿಯಾದಾಗ ತಮ್ಮ ದುಡಿಮೆಯ ಪಾಲನ್ನು ಆಯವೆಂದು ಉಡಿಯೊಡ್ಡಿ ಪಡೆಯುತ್ತಿದ್ದವರು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳಲಿರುವ ಕಾಣಿಕೆಯ ಕಥೆಯ ಬೇರು ಅಲ್ಲಿದೆ.

ಹಬ್ಬಕ್ಕೆ ಈ ಸೀಮೆಯಲ್ಲಿ ಹೆಸರುಗಳೇ ಮೂರು ಬಗೆ. ಉರ್ದು ನುಡಿಯುವ ಬಜಾರಿಗೆ ಅದು ಬಡಾ ದಿನ್. ಮರಾಠಿಯ ಗಾಳಿ ಬೀಸುವ ಔರಾದ, ಭಾಲ್ಕಿಗಳಲ್ಲಿ ನಾತಾಳ, ಪೋರ್ತುಗೀಸರ ಭಾಷೆಯಲ್ಲಿ ಜನನವೆಂಬ ಅರ್ಥದ ಶಬ್ದವು ಗೋವೆಯ ಘಟ್ಟವೇರಿ ಬಂದುದು. ಚರ್ಚಿನ ಕನ್ನಡದಲ್ಲಿ ಕ್ರಿಸ್ತಜಯಂತಿ. ಹಬ್ಬದ ಹಿಂದಿನ ರಾತ್ರಿಗೆ ಇಷ್ಟೊಂದು ಬೆಲೆ ಏಕೆ ಬಂದಿತೆಂಬುದನ್ನು ಬೀದರದವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಸೂರ್ಯಾಸ್ತದಿಂದಲೇ ದಿನದ ಆರಂಭವೆಂಬ ಯೆಹೂದ್ಯರ ಗಣನೆಯನ್ನು ಹಳೆಯ ಕ್ರೈಸ್ತಸಭೆಯು ಹಬ್ಬಗಳ ಮಟ್ಟಿಗೆ ಉಳಿಸಿಕೊಂಡಿತು. ಇಸ್ಲಾಮಿನ ಲೆಕ್ಕವೂ ಅದೇ. ರಂಜಾನಿನ ಚಾಂದ್ ರಾತ್ ದಿನ ಅಂಗಡಿಗಳ ದೀಪ ನಡುರಾತ್ರಿಯವರೆಗೆ ಆರದಿರುವುದನ್ನೂ, ಬಟ್ಟೆ ಬಳೆಗಳ ಮುಂದೆ ಜನ ಮುಗಿಬೀಳುವುದನ್ನೂ ಕಂಡ ಊರಿಗೆ, ಡಿಸೆಂಬರ್ 24ರ ಇರುಳೇ ಹಬ್ಬವೆಂಬ ಮಾತು ಹೊಸದಾಗಿ ಕೇಳಿಸಿರಲಾರದು.

ಯೂರೋಪಿನಲ್ಲಾದರೋ ಆ ಇರುಳಿನ ಉಡುಗೊರೆಯ ಚರಿತ್ರೆಯು ಒಬ್ಬ ಗುಪ್ತದಾನಿಯಿಂದ ಮೊದಲಾಗುತ್ತದೆ. ಈಗಿನ ತುರ್ಕಿ ದೇಶದ ದಕ್ಷಿಣ ತೀರದ ಮೈರಾ ಎಂಬ ಊರಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಬಿಷಪನಾಗಿದ್ದ ನಿಕೊಲಾಸನು, ವರದಕ್ಷಿಣೆಗೆ ಗತಿಯಿಲ್ಲದ ಒಬ್ಬ ತಂದೆಯ ಮೂವರು ಹೆಣ್ಣುಮಕ್ಕಳಿಗಾಗಿ ರಾತ್ರಿಯ ಕತ್ತಲಲ್ಲಿ ಹೊನ್ನಿನ ಚೀಲಗಳನ್ನು ಕಿಟಕಿಯೊಳಕ್ಕೆ ಎಸೆದು ಹೋದನೆಂಬುದು ಐತಿಹ್ಯ. ಬಹುಕಾಲ ಆತನ ಸ್ಮರಣೆಯ ದಿನವಾದ ಡಿಸೆಂಬರ್ 6ರ ಸುಮಾರಿನಲ್ಲಿ ಮಕ್ಕಳಿಗೆ ಉಡುಗೊರೆ ಸಲ್ಲುತ್ತಿತ್ತು. ಸಂತರ ಆರಾಧನೆಯನ್ನು ಒಪ್ಪದ ಜರ್ಮನಿಯ ಸುಧಾರಕರು, ಮಾರ್ಟಿನ್ ಲೂಥರನೇ ಮೊದಲಿಗನೆಂದು ಪರಂಪರೆಯು ಹೇಳುತ್ತದೆ, ಆ ಉಡುಗೊರೆಯನ್ನು ಬಾಲಕ್ರಿಸ್ತನ ಹೆಸರಿಗೆ ವರ್ಗಾಯಿಸಿ ಕ್ರಿಸ್ತಜಯಂತಿಯ ಮುನ್ನಿರುಳಿಗೆ ತಂದರು. 1823ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪ್ರಾಂತದ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಪದ್ಯವು ಹಳೆಯ ಬಿಷಪನನ್ನು ಅದೇ ಇರುಳಿಗೆ ಮರಳಿ ಕರೆತಂದು, ಹಿಮಸಾರಂಗಗಳ ಬಂಡಿಯಲ್ಲಿ ಕೂರಿಸಿ, ಅಮೆರಿಕದ ಮನೆಮನೆಗೂ ಇಳಿಸಿತು. ಈ ಎಲ್ಲ ರೂಪಾಂತರಗಳಲ್ಲಿಯೂ ಬದಲಾಗದೆ ಉಳಿದುದು ಒಂದು: ಕೊಟ್ಟವನು ಯಾರೆಂಬುದು ಪಡೆದವನ ಕಣ್ಣಿಗೆ ಬೀಳಬಾರದು.

ನಮ್ಮ ಸೀಮೆಯ ಧರ್ಮವು ಇದಕ್ಕೆ ತೀರ ವಿರುದ್ಧವಾದುದು. ಮದುವೆಯ ಚಪ್ಪರದಲ್ಲಿ ಆಯೇರಿ ಮಾಡುವಾಗ ಯಾರು, ಯಾವ ಊರಿನವರು, ಎಷ್ಟು ರೂಪಾಯಿ, ಎಂಥ ಸೀರೆ ಎಂಬುದನ್ನು ಕೂಗಿ ಹೇಳಿ, ವಹಿಯಲ್ಲಿ ಬರೆದು, ಆ ವಹಿಯನ್ನು ಟ್ರಂಕಿನ ತಳದಲ್ಲಿ ಭದ್ರವಾಗಿಟ್ಟು, ಹತ್ತು ವರ್ಷಗಳ ಮೇಲೆ ಅವರ ಮನೆಯ ಮದುವೆಗೆ ಹೊರಡುವಾಗ ತೆಗೆದು ನೋಡುವ ಜನ ನಾವು. ಮುಯ್ಯಿಗೆ ಮುಯ್ಯಿ ಸಲ್ಲಬೇಕು. ಇದನ್ನು ಲೋಭವೆಂದು ಹಳಿಯುವವರುಂಟು; ಆದರೆ ಹೆಸರಿಲ್ಲದ ಕಾಣಿಕೆಯು ಇಲ್ಲಿ ಪಡೆದವನನ್ನು ತೀರಿಸಲಾಗದ ಋಣದಲ್ಲಿ ಕೆಡಹುತ್ತದೆಂಬುದನ್ನು ಅವರು ಎಣಿಸುವುದಿಲ್ಲ. ನಿಕೊಲಾಸನು ಬೀದರದಲ್ಲಿ ಕಿಟಕಿಯೊಳಗೆ ಚೀಲವೆಸೆದಿದ್ದರೆ ಆ ತಂದೆಯು ಮರುದಿನ ಊರೆಲ್ಲ ಅಲೆದು ಅದು ಯಾರ ಮುಯ್ಯಿ ಎಂದು ಕೇಳುತ್ತಿದ್ದನು.

ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಕಾಣಿಕೆಗಳೆಲ್ಲ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದ್ದುವು. 1911ರಿಂದ ಆಳಿದ ಮೀರ್ ಉಸ್ಮಾನ್ ಅಲಿ ಖಾನರ ದರ್ಬಾರಿನಲ್ಲಿ ಕರವಸ್ತ್ರದ ಮೇಲೆ ಅಶ್ರಫಿಯನ್ನಿಟ್ಟು ನಜರು ಒಪ್ಪಿಸುವುದು ಉಮರಾವರಿಂದ ಅಧಿಕಾರಿಗಳವರೆಗೆ ಎಲ್ಲರ ಕರ್ತವ್ಯ. ಬ್ರಿಟಿಷರ ಠಾಣ್ಯಗಳಲ್ಲಿ ಬಡಾ ದಿನದಂದು ಗುಮಾಸ್ತರೂ ಗುತ್ತಿಗೆದಾರರೂ ಹಣ್ಣು, ಮಿಠಾಯಿ, ಹೂವುಗಳ ಬುಟ್ಟಿಯನ್ನು ಸಾಹೇಬರ ಬಂಗಲೆಗೆ ಒಯ್ಯುತ್ತಿದ್ದರು, ಅದಕ್ಕೆ ಡಾಲಿ ಎಂದು ಹೆಸರು. ಕೊಟ್ಟವನು ಬಾಗಿದನು, ಪಡೆದವನು ಮುಟ್ಟಿ ಬಿಟ್ಟನು. ಮಿಷನ್ನಿನವರ ಕಾಣಿಕೆ ಇದಕ್ಕೆ ವಿರುದ್ಧ ದಿಕ್ಕಿನದು, ಮೇಲಿನಿಂದ ಕೆಳಕ್ಕೆ. 1869ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಮೆಥೋಡಿಸ್ಟ್ ಮಹಿಳಾ ವಿದೇಶ ಮಿಷನ್ ಸಂಘವು ಅದೇ ವರ್ಷ ಇಸಬೆಲ್ಲಾ ಥೋಬರ್ನ್, ಡಾಕ್ಟರ್ ಕ್ಲಾರಾ ಸ್ವೇನ್ ಎಂಬ ಇಬ್ಬರನ್ನು ಉತ್ತರ ಹಿಂದೂಸ್ಥಾನಕ್ಕೆ ಕಳುಹಿತು. ಅದರ ಶಾಖೆಗಳ ಹೆಂಗಸರು ಗೊಂಬೆ, ಚಿತ್ರ, ಸೂಜಿದಾರ, ಹೊಲಿದ ಅಂಗಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಭಾರತದ ಮಿಷನ್ ಶಾಲೆಗಳಿಗೆ ಹಬ್ಬದ ವೇಳೆಗೆ ಸಲ್ಲುವಂತೆ ಹಡಗಿಗೆ ಹಾಕುವುದು ರೂಢಿಯಾಯಿತು. ಸಾಲಿನಲ್ಲಿ ನಿಂತ ಮಗುವಿಗೆ, ಗೊಂಬೆಯನ್ನು ಹೊಲಿದ ಕೈಯ ಗುರುತಿರಲಿಲ್ಲ, ಮುಯ್ಯಿ ಸಲ್ಲಿಸುವ ದಾರಿಯೂ ಇರಲಿಲ್ಲ. ಆ ಕೊಡುಗೆಯಲ್ಲಿದ್ದ ಕರುಣೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ಕಣದಂಚಿನಲ್ಲಿ ಉಡಿಯೊಡ್ಡಿ ನಿಂತ ತಾಯಿಯ ಮಗಳು ಶಾಲೆಯ ಅಂಗಳದಲ್ಲಿ ಕೈಯೊಡ್ಡಿ ನಿಂತಳೆಂಬುದನ್ನು ಮರೆಯಲು ನನ್ನಿಂದಾಗದು.

ಹೀಗೆ ಮೇಲಕ್ಕೂ ಕೆಳಕ್ಕೂ ಹರಿದ ಕಾಣಿಕೆಗಳ ನಡುವೆ ಮೂರನೆಯದೊಂದು, ನೆಲದ ಸಮಕ್ಕೆ ಹರಿಯುವಂಥದು, ಕೇರಿಯ ಮನೆಗಳಲ್ಲಿಯೇ ಹುಟ್ಟಿತು. ಅದೇ ತಾಟು. ಮುನ್ನಿರುಳಿಗೆ ಒಂದೆರಡು ದಿನ ಮೊದಲೇ ಒಲೆ ಹೊತ್ತುವುದು: ಚಕ್ಕಲಿ, ಶಂಕರಪಾಳಿ, ಕರ್ಚಿಕಾಯಿ, ಲಾಡು, ಚೂಡಾ. ಹೆಸರು ನೋಡಿದರೆ ಒಂದೂ ಕಡಲಾಚೆಯದಲ್ಲ, ದೀಪಾವಳಿಯ ಅಡಿಗೆಯೇ ಎರಡು ತಿಂಗಳು ತಡವಾಗಿ ಬಂದಂತೆ. ಬಾಗಿಲಿಗೆ ತೂಗುವ ಬಿದಿರುಕಡ್ಡಿ, ಬಣ್ಣದ ಕಾಗದಗಳ ನಕ್ಷತ್ರವೂ ದೀಪಾವಳಿಯ ಆಕಾಶಬುಟ್ಟಿಯ ಸೋದರಿಯೇ. ಮನೆಯವರಿಗೆ ಹೊಸ ಬಟ್ಟೆ, ತವರಿಗೆ ಬಂದ ಮಗಳಿಗೆ ಸೀರೆ, ಕುಪ್ಪಸದ ಖಣ. ಮಕ್ಕಳಿಗೆ ಕಾಲುಚೀಲದಲ್ಲಿ ಅಡಗಿಸಿಟ್ಟ ಆಟಿಕೆಯಲ್ಲ, ಹೊಸ ಅಂಗಿಯ ಜೇಬಿನಲ್ಲಿ ಹಿರಿಯರಿಟ್ಟ ನಾಣ್ಯ. ನೆರೆಮನೆಯ ಮುಸಲ್ಮಾನ ಗೆಳೆಯನಿಗೆ ದೊರೆತ ಈದಿಗೂ ಅದಕ್ಕೂ ಭೇದ ಕಡಿಮೆ. ಇವೆಲ್ಲ ಮನೆಯೊಳಗಿನ ಮಾತಾಯಿತು. ತಾಟು ಮಾತ್ರ ಹೊಸಿಲು ದಾಟಬೇಕು. ಕಸೂತಿಯ ಅರಿವೆ ಹೊದಿಸಿಕೊಂಡು, ಮಗುವಿನ ಎರಡು ಕೈಗಳ ಮೇಲೆ, ನೆರೆಮನೆಗೆ.

ಆ ಹೊಸಿಲನ್ನು ದಾಟುವುದು ಸುಲಭವಾಗಿರಲಿಲ್ಲ. ಕೇರಿಯ ಒಲೆಯಲ್ಲಿ ಬೆಂದುದನ್ನು ಊರೊಳಗಿನವರು ಮುಟ್ಟದ ಕಾಲದಲ್ಲಿ ಕಾಣಿಕೆಗೂ ಜಾತಿಯಿತ್ತು: ಬೇಯಿಸಿದ ಅನ್ನ ಸಲ್ಲದು, ಎಣ್ಣೆಯಲ್ಲಿ ಕರಿದುದು ಅನುಮಾನ, ಬಾಳೆಯ ಹಣ್ಣು, ಸಕ್ಕರೆ, ತೆಂಗಿನಕಾಯಿಗಳಿಗೆ ಮಾತ್ರ ಅಡ್ಡಿಯಿಲ್ಲ. ದಸ್ತರಖಾನಿನ ಮರ್ಯಾದೆ ಬೇರೆಯಾದ ಮುಸಲ್ಮಾನರ ಮನೆಗಳಿಗೆ ತಾಟು ಸಲೀಸಾಗಿ ಹೋಗುತ್ತಿದ್ದಾಗ ಉಳಿದೆಡೆಗಳಿಗೆ ಒಂದು ಗೊನೆ ಬಾಳೆ, ಒಂದು ಪೊಟ್ಟಣ ಬತ್ತಾಸು. ಪಟ್ಟಣದ ಬೇಕರಿಯ ಕೇಕು ಬಂದ ಮೇಲೆ ಈ ಇಕ್ಕಟ್ಟು ಸಡಿಲಿತೆಂದರೆ ನಗುವವರು ನಗಲಿ. ಯಾರ ಮನೆಯ ಒಲೆಯ ಗುರುತೂ ಇಲ್ಲದ ಆ ಸಿಹಿಯನ್ನು ಬೇಡವೆನ್ನಲು ಯಾರಿಗೂ ನೆಪ ಸಿಕ್ಕದು. ಕೇಕು ಕ್ರೈಸ್ತರ ಹಬ್ಬದ ಲಕ್ಷಣವೆಂದು ನಾವು ಬಗೆಯುತ್ತೇವೆ. ಈ ಊರುಗಳಲ್ಲಿ ಅದು ಬಾಗಿಲು ತೆರೆಯಿಸಿದ ಉಪಾಯವೂ ಹೌದು. ಕಣದಲ್ಲಿ ಪಡೆಯುವವರೆಂದೇ ಗುರುತಾಗಿದ್ದ ಮನೆತನವು ವರ್ಷದಲ್ಲಿ ಒಂದು ಇರುಳಾದರೂ ಕೊಡುವ ಮನೆತನವಾಗಿ ಮತ್ತೊಬ್ಬರ ಹೊಸಿಲ ಮುಂದೆ ನಿಂತಿತು, ಮತ್ತೊಬ್ಬರು ಅದರ ಮುಯ್ಯಿಗೆ ಒಳಗಾದರು.

ಅದೇ ಇರುಳಿನ ಇನ್ನೊಂದು ಕೊಡುಕೊಳೆ ಹಾಡಿನದು. ಕ್ಯಾರೋಲಿನವರು ಹಾರ್ಮೋನಿಯಂ, ತಬಲ, ತಾಳಗಳೊಡನೆ ಮನೆಯಿಂದ ಮನೆಗೆ ಹೋಗುವರು. ಪಂಢರಪುರದ ದಿಂಡಿಯನ್ನೂ ಶರಣರ ಭಜನೆಯನ್ನೂ ಕೇಳಿದ ಕಿವಿಗೆ ಆ ಮೇಳವು ಪರಕೀಯವೆನಿಸದು. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಪೂರೈಸಿದ ಬೈಬಲ್ಲಿನ ಕನ್ನಡವು ಒಂದು ಬಾಗಿಲಲ್ಲಿ, ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಮರಾಠಿಯು ಮತ್ತೊಂದರಲ್ಲಿ, ತೆಲುಗು ಇನ್ನೊಂದರಲ್ಲಿ ಹಾಡಾಗುವುದುಂಟು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದ ಸೀಮೆಯಿದು; ನಾಲಗೆಗಳ ಎಣಿಕೆ ಇಲ್ಲಿ ಎಂದೂ ಒಂದಕ್ಕೆ ನಿಂತುದಿಲ್ಲ. ಹಾಡು ಮುಗಿದ ಮೇಲೆ ಮನೆಯವರು ಡಬ್ಬಿಗೆ ಕಾಣಿಕೆ ಹಾಕಿ, ಚೂಡಾ, ಚಹಾ ಕೊಟ್ಟು ಕಳುಹುವರು. ಡಿಸೆಂಬರಿನ ಬೀದರದ ಚಳಿಯನ್ನು ಬಲ್ಲವರಿಗೆ ಆ ಚಹಾದ ಬೆಲೆ ತಿಳಿದೀತು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಸೇರಿದುವು. ಉದಗೀರ, ನಿಲಂಗಾಗಳು ಮುಂಬಯಿಗೆ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಹೋದುವು. ನಂಟಸ್ತಿಕೆಗೆ ಗಡಿ ಹಾಕಿದವರಿಲ್ಲ. ಔರಾದದ ಮಗಳು ಉದಗೀರದ ಸೊಸೆ, ಬೀದರದ ಸೊಸೆ ಜಹೀರಾಬಾದಿನ ಮಗಳು. ಡಿಸೆಂಬರ್ 24ರ ಸಂಜೆಯ ಬಸ್ಸುಗಳಲ್ಲಿ ಮಡಿಲ ಮೇಲೆ ಸ್ಟೀಲಿನ ಡಬ್ಬಿಗಳನ್ನಿಟ್ಟುಕೊಂಡು ಕುಳಿತವರ ಸೀರೆಯ ಗಂಟಿನಲ್ಲಿ ಮೂರು ರಾಜ್ಯಗಳು ಒಂದಾಗಿರುತ್ತವೆ.

ಈ ಹಬ್ಬವು ಬರುವ ಹೊತ್ತೂ ಹೊಲಗಳ ಹಬ್ಬದ ಹೊತ್ತೇ. ಎಳ್ಳಮವಾಸ್ಯೆಯ ದಿನ ರೈತರು ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಹೊಲಕ್ಕೆ ಹೊತ್ತು, ದಾರಿಹೋಕರನ್ನೂ ಕರೆದು ಉಣಬಡಿಸುವ ಸಂಭ್ರಮವನ್ನು ಬೀದರದಲ್ಲಿಯೇ ನೋಡಬೇಕು. ಕೆಲವು ವರ್ಷ ಎರಡೂ ಒತ್ತೊತ್ತಾಗಿ ಬರುತ್ತವೆ. 2011ರಲ್ಲಿ ಅಮವಾಸ್ಯೆ ಬಿದ್ದುದು ಡಿಸೆಂಬರ್ 24ಕ್ಕೇ. ಹಗಲು ಹೊಲದಲ್ಲಿ ಒಬ್ಬರ ಕೈಯ ಭಜ್ಜಿಯನ್ನುಂಡವರ ಮನೆಗೆ ಇರುಳು ಮತ್ತೊಬ್ಬರ ಶಂಕರಪಾಳಿಯ ತಾಟು ಬರುವಂಥ ವರ್ಷವದು.

ಬಂದ ತಾಟನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ತೊಳೆದು ಒರಸಿ, ಅಂದೇ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳುಹುವ ಅವಸರದವರು ಕೆಲವರು. ಬಲ್ಲ ಗೃಹಿಣಿಯರು ಹಾಗೆ ಮಾಡುವುದಿಲ್ಲ. ತಾಟನ್ನು ತಮ್ಮ ನಾಗಂದಿಗೆಯ ಮೇಲೆ, ತಮ್ಮ ಪಾತ್ರೆಗಳ ಸಾಲಿನಲ್ಲಿಯೇ ಇಟ್ಟುಕೊಳ್ಳುವರು, ಮೂರು ವಾರ ಕಳೆದು ಸಂಕ್ರಾಂತಿ ಬಂದಾಗ ಅದರ ತುಂಬ ಕುಸುರೆಳ್ಳು ಹರಡಿ, ತಂದಿದ್ದ ಮಗುವಿನ ಕೈಗೇ ಕೊಟ್ಟು ಕಳುಹುವರು.