'ಬವೇರಿಯನ್': ಒಂದು ಪದ, ಒಂದು ಕಲ್ಲು

ವಿಜ್ಞಾನದ ಇಂಗ್ಲಿಷ್ ಪುಸ್ತಕಗಳಲ್ಲಿ 'ಬವೇರಿಯನ್' ಎಂಬ ಪದ ಆಗಾಗ ಎದುರಾಗುತ್ತದೆ. ಜರ್ಮನಿಯ ಆಗ್ನೇಯ ಭಾಗದಲ್ಲಿರುವ ಬವೇರಿಯ ರಾಜ್ಯಕ್ಕೆ ಸೇರಿದ್ದು ಎಂಬುದು ಅದರ ನೇರ ಅರ್ಥ. ಮ್ಯೂನಿಕ್ ಇದರ ರಾಜಧಾನಿ. ವಿಸ್ತೀರ್ಣ ಸುಮಾರು 70,500 ಚದರ ಕಿ.ಮೀ. ಬಿ.ಎಂ.ಡಬ್ಲ್ಯು. ಎಂಬ ಹೆಸರಿನ ಮೊದಲ ಅಕ್ಷರ ಸೂಚಿಸುವುದೂ ಬವೇರಿಯವನ್ನೇ.

ಅಲ್ಲಿನ ಆಡುನುಡಿಗೂ ಇಂಗ್ಲಿಷಿನಲ್ಲಿ ಇದೇ ಪದ. ಜರ್ಮನ್ನರು ಮಾತ್ರ ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಾರೆ. ರಾಜ್ಯಕ್ಕೆ ಸಂಬಂಧಿಸಿದ್ದಾದರೆ 'ವೈ' ಅಕ್ಷರ, ನುಡಿಗೆ ಸಂಬಂಧಿಸಿದ್ದಾದರೆ 'ಐ' ಅಕ್ಷರ. ರಾಜ್ಯದ ಹೆಸರಿಗೆ 'ವೈ' ಬಂದದ್ದು 1825ರಲ್ಲಿ, ಗ್ರೀಕ್ ಸಂಸ್ಕೃತಿಯ ಅಭಿಮಾನಿಯಾಗಿದ್ದ ದೊರೆ ಒಂದನೆಯ ಲುಡ್ವಿಗ್‌ನ ಆಜ್ಞೆಯಿಂದ. ಈ ಭೇದ ಅಗತ್ಯವೇ. ಏಕೆಂದರೆ ಬವೇರಿಯನ್ ನುಡಿ ಆಸ್ಟ್ರಿಯದ ಬಹುಭಾಗದಲ್ಲಿಯೂ ಬಳಕೆಯಲ್ಲಿದೆ. ಮತ್ತೊಂದೆಡೆ, ಬವೇರಿಯದ ಉತ್ತರ ಭಾಗದ ಫ್ರಾಂಕೋನಿಯ ಪ್ರದೇಶದ ನುಡಿ ಬೇರೆ. ಆ ನಾಡು ಬವೇರಿಯಕ್ಕೆ ಸೇರಿದ್ದೇ ನೆಪೋಲಿಯನ್ ಕಾಲದ ರಾಜಕೀಯ ಬದಲಾವಣೆಗಳಲ್ಲಿ.

ಈ ಫ್ರಾಂಕೋನಿಯದಲ್ಲಿಯೇ ಜೋಲ್ನ್‌ಹೋಫೆನ್ ಎಂಬ ಸಣ್ಣ ಊರಿದೆ. ಅಲ್ಲಿನ ಸುಣ್ಣಕಲ್ಲು ವಿಜ್ಞಾನದ ಚರಿತ್ರೆಯಲ್ಲಿ ಎರಡು ಬಾರಿ ಹೆಸರು ಮಾಡಿತು.

ಮೊದಲನೆಯದು ಮುದ್ರಣ. ಅಲೋಯಿಸ್ ಸೆನೆಫೆಲ್ಡರ್ ಹುಟ್ಟಿದ್ದು ಪ್ರಾಗ್‌ನಲ್ಲಿ, 1771ರಲ್ಲಿ, ಬಾಳಿದ್ದು ಮ್ಯೂನಿಕ್‌ನಲ್ಲಿ. ತಾನು ಬರೆದ ನಾಟಕಗಳನ್ನು ಅಗ್ಗವಾಗಿ ಅಚ್ಚು ಮಾಡುವ ದಾರಿಯನ್ನು ಆತ ಹುಡುಕುತ್ತಿದ್ದ. 1796ರಿಂದ ಪ್ರಯೋಗ ನಡೆಸಿ, 1798ರ ವೇಳೆಗೆ ಕಲ್ಲಚ್ಚಿನ ವಿಧಾನವನ್ನು ಸಿದ್ಧಪಡಿಸಿದ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದೇ ಇದರ ತತ್ವ. ನುಣುಪು ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಗೋಂದು ಮತ್ತು ದುರ್ಬಲ ನೈಟ್ರಿಕ್ ಆಮ್ಲದ ಮಿಶ್ರಣ ಬಳಿಯುತ್ತಾರೆ. ಬಳಿಕ ನೀರು ಸವರಿದಾಗ ಬರೆಯದ ಜಾಗ ತೇವವನ್ನು ಹಿಡಿದುಕೊಳ್ಳುತ್ತದೆ. ಎಣ್ಣೆಯುಕ್ತ ಶಾಯಿಯ ಉರುಳೆಯನ್ನು ಹಾಯಿಸಿದರೆ ಶಾಯಿ ಬರೆದ ಗೆರೆಗಳಿಗೆ ಮಾತ್ರ ಅಂಟುತ್ತದೆ. ಅಕ್ಷರವನ್ನು ಕೆತ್ತುವ ಶ್ರಮವಿಲ್ಲ, ಮೊಳೆಗಳನ್ನು ಎರಕ ಹೊಯ್ಯುವ ಖರ್ಚೂ ಇಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಈ ಕಲ್ಲಚ್ಚಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಕೆಲಸಕ್ಕೆ ಜೋಲ್ನ್‌ಹೋಫೆನ್ ಕಲ್ಲೇ ಶ್ರೇಷ್ಠವೆನಿಸಿದ್ದೇಕೆ? ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚನೆಯ, ಉಪ್ಪು ಹೆಚ್ಚಾಗಿದ್ದ ಹಿನ್ನೀರಿನ ಕೊಳಗಳಿದ್ದವು. ಅವುಗಳ ತಳದಲ್ಲಿ ಅತಿ ನಯವಾದ ಸುಣ್ಣದ ಕೆಸರು ನಿಧಾನವಾಗಿ ಪದರಗಟ್ಟಿತು. ತಳದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಹಾಗಾಗಿ ಕೆಸರನ್ನು ಕದಡುವ, ಸತ್ತ ಜೀವಿಗಳನ್ನು ತಿನ್ನುವ ಪ್ರಾಣಿಗಳು ಅಲ್ಲಿರಲಿಲ್ಲ. ಸೂಕ್ಷ್ಮ ಗೆರೆಯನ್ನು ಹಿಡಿದಿಡುವ ಆ ನಯವಾದ ಕಣಗಳೇ ಗರಿಯ ಎಳೆಗಳ ಗುರುತನ್ನೂ ಹಿಡಿದಿಟ್ಟವು.

ಎರಡನೆಯ ಕೀರ್ತಿ ಬಂದದ್ದು ಇದರಿಂದಲೇ. ಮುದ್ರಣಕ್ಕೆ ದೋಷವಿಲ್ಲದ ಚಪ್ಪಡಿ ಬೇಕು. ಆದ್ದರಿಂದ ಗಣಿಯ ಕೆಲಸಗಾರರು ಒಂದೊಂದು ಪದರವನ್ನೂ ಕೈಯಿಂದ ಸೀಳಿ ಪರೀಕ್ಷಿಸುತ್ತಿದ್ದರು. ಹೀಗೆ ದೊರೆತ ಒಂದು ಗರಿಯನ್ನು 1861ರಲ್ಲಿ ಹರ್ಮನ್ ಫಾನ್ ಮೇಯರ್ ವರ್ಣಿಸಿ, 'ಆರ್ಕಿಯಾಪ್ಟೆರಿಕ್ಸ್ ಲಿಥೊಗ್ರಾಫಿಕ' ಎಂಬ ಹೆಸರನ್ನಿತ್ತರು. 'ಕಲ್ಲಚ್ಚಿನ ಶಿಲೆಯ ಪ್ರಾಚೀನ ರೆಕ್ಕೆ' ಎಂದು ಅದರ ಅರ್ಥ. ಡಾರ್ವಿನ್ನರ 'ಜೀವಿಜಾತಿಗಳ ಉಗಮ' ಪ್ರಕಟವಾಗಿ ಆಗ ಎರಡೇ ವರ್ಷ. ಅದೇ ವರ್ಷ ಗರಿ, ಹಲ್ಲು, ಉದ್ದ ಬಾಲಗಳಿದ್ದ ಅಸ್ಥಿಪಂಜರವೂ ಸಿಕ್ಕಿ, ಸರೀಸೃಪ ಹಾಗೂ ಹಕ್ಕಿಗಳ ನಂಟಿಗೆ ಬಲವಾದ ಸಾಕ್ಷಿಯಾಯಿತು.

ಆದರೆ ಆ ಅಸ್ಥಿಪಂಜರ 1862ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಮಾರಾಟವಾಯಿತು. ಮುಂದೆ ದೊರೆತ ಇನ್ನೂ ಸೊಗಸಾದದ್ದು ಬರ್ಲಿನ್ ಸೇರಿತು. 1992ರಲ್ಲಿ ಸಿಕ್ಕ ಮತ್ತೊಂದು ಪಳೆಯುಳಿಕೆ ಮಾತ್ರ ಮ್ಯೂನಿಕ್‌ನಲ್ಲಿ ಉಳಿಯಿತು. 1993ರಲ್ಲಿ ಪೀಟರ್ ವೆಲ್ನ್‌ಹೋಫರ್ ಅದನ್ನು 'ಆರ್ಕಿಯಾಪ್ಟೆರಿಕ್ಸ್ ಬವೇರಿಕ' ಎಂದು ಕರೆದರು. 'ಬವೇರಿಕ' ಎಂದರೆ ಬವೇರಿಯದ್ದು. ಅದು ಪ್ರತ್ಯೇಕ ಜಾತಿಯಲ್ಲ, ಲಿಥೊಗ್ರಾಫಿಕವೇ ಎಂದು ಅನೇಕ ತಜ್ಞರು ನಂತರ ವಾದಿಸಿದ್ದಾರೆ.

ರಾಜ್ಯದ ಗಡಿ ಕೇವಲ ಎರಡು ಶತಮಾನಗಳದ್ದು, ಕಲ್ಲು 15 ಕೋಟಿ ವರ್ಷಗಳದ್ದು. ತರಗತಿಯಲ್ಲಿ ದ್ವಿನಾಮ ಪದ್ಧತಿಯನ್ನು ಕಲಿಸುವಾಗ ಈ ಎರಡು ಹೆಸರುಗಳನ್ನು ಒಟ್ಟಿಗೆ ಬರೆದು ತೋರಿಸಬಹುದು. ಒಂದು ಕಲ್ಲಿನ ಗುಣವನ್ನು ಹೇಳುತ್ತದೆ. ಇನ್ನೊಂದು, ಆ ಕಲ್ಲನ್ನು ತಮ್ಮದೆಂದ ನಾಡನ್ನು.