ದಟ್ಸನ್: ಅಗ್ಗದ ಕಾರಿನ ಏಳುಬೀಳು ಮತ್ತು ಮಾಲೀಕರ ಲೆಕ್ಕಾಚಾರ

2014ರ ಮಾರ್ಚ್‌ನಲ್ಲಿ 'ದಟ್ಸನ್ ಗೋ' ಕಾರು ಭಾರತದ ಮಾರುಕಟ್ಟೆ ಪ್ರವೇಶಿಸಿದಾಗ ಅದರ ಆರಂಭಿಕ ಬೆಲೆ 3.12 ಲಕ್ಷ ರೂಪಾಯಿ. 1.2 ಲೀಟರ್ ಎಂಜಿನ್ ಹೊಂದಿದ, ಐದು ಮಂದಿ ಕೂರಬಹುದಾದ ಜಪಾನಿ ಕಾರು ಇಷ್ಟು ಕಡಿಮೆ ಬೆಲೆಗೆ ದೊರೆಯುತ್ತದೆಂಬುದೇ ಆಗ ದೊಡ್ಡ ಸುದ್ದಿಯಾಗಿತ್ತು. ಎಂಟು ವರ್ಷಗಳ ಬಳಿಕ, 2022ರ ಏಪ್ರಿಲ್‌ನಲ್ಲಿ, ನಿಸ್ಸಾನ್ ಕಂಪನಿಯು ಭಾರತದಲ್ಲಿ ದಟ್ಸನ್ ಕಾರುಗಳ ತಯಾರಿಕೆ ಕೊನೆಗೊಂಡಿರುವುದನ್ನು ದೃಢಪಡಿಸಿತು. ಆ ಹೊತ್ತಿಗೆ ಹಲವು ಕುಟುಂಬಗಳ ಮೊದಲ ಕಾರಾಗಿ ಮನೆಯಂಗಳ ಸೇರಿದ್ದ ದಟ್ಸನ್, ತಯಾರಕರೇ ಕೈಬಿಟ್ಟ ಬ್ರಾಂಡ್ ಎನಿಸಿಕೊಂಡಿತು.

ಕಡಿಮೆ ಬೆಲೆಯ ಕಾರು ಕೊಳ್ಳುವವರು ಸಾಮಾನ್ಯವಾಗಿ ಮೈಲೇಜ್ ಮತ್ತು ಮಾಸಿಕ ಕಂತನ್ನು ವಿಚಾರಿಸುತ್ತಾರೆ. ಬೆಲೆ ಇಳಿಸಲು ಕಾರಿನಿಂದ ಏನನ್ನು ತೆಗೆಯಲಾಗಿದೆ, ಮುಂದೆ ಈ ಬ್ರಾಂಡ್ ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳಿಗೂ ದಟ್ಸನ್ ಚರಿತ್ರೆಯಲ್ಲಿ ಉತ್ತರವಿದೆ.

ಹೆಸರಿನ ಹಿನ್ನೆಲೆ

ದಟ್ಸನ್ ಮೂಲ ಒಂದು ಶತಮಾನಕ್ಕೂ ಹಿಂದಿನದು. ಮಸುಜಿರೊ ಹಾಶಿಮೊಟೊ ಎಂಬ ಎಂಜಿನಿಯರ್ 1911ರಲ್ಲಿ ಟೋಕಿಯೊದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಿದರು. 1914ರಲ್ಲಿ ಅಲ್ಲಿ ಸಿದ್ಧವಾದ ಕಾರಿಗೆ, ಉದ್ಯಮಕ್ಕೆ ಬಂಡವಾಳ ಒದಗಿಸಿದ್ದ ಡೆನ್, ಅಓಯಾಮಾ ಮತ್ತು ತಕೆಯುಚಿ ಎಂಬ ಮೂವರ ಹೆಸರುಗಳ ಮೊದಲಕ್ಷರ ಕೂಡಿಸಿ 'ದಟ್' ಎಂದು ಹೆಸರಿಡಲಾಯಿತು. ಜಪಾನಿ ಭಾಷೆಯಲ್ಲಿ ನಾಗಾಲೋಟದಿಂದ ಓಡುವ ಮೊಲ ಎಂಬ ಅರ್ಥವೂ ಈ ಶಬ್ದಕ್ಕೆ ಹೊಂದುತ್ತಿತ್ತು.

1930ರ ದಶಕದ ಆರಂಭದಲ್ಲಿ ಜಪಾನ್ ಸರ್ಕಾರವು 500 ಸಿಸಿವರೆಗಿನ ಪುಟ್ಟ ಕಾರುಗಳನ್ನು ಚಾಲನಾ ಪರವಾನಗಿಯಿಲ್ಲದೆ ಓಡಿಸಲು ಅವಕಾಶ ಕಲ್ಪಿಸಿತು. ಈ ನಿಯಮಕ್ಕೆ ಹೊಂದುವಂತೆ 1931ರಲ್ಲಿ 495 ಸಿಸಿ ಎಂಜಿನ್ನಿನ ಸಣ್ಣ ಕಾರು ರೂಪುಗೊಂಡಿತು. 'ದಟ್' ಕಾರಿನ ಮಗ ಎಂಬರ್ಥದಲ್ಲಿ, ಇಂಗ್ಲಿಷಿನ 'ಸನ್' ಶಬ್ದ ಸೇರಿಸಿ ಇದಕ್ಕೆ ಹೆಸರಿಟ್ಟರು. ಆದರೆ ಜಪಾನಿ ಭಾಷೆಯಲ್ಲಿ 'ಸೊನ್' ಎಂದರೆ ನಷ್ಟ. ಈ ಅಪಶಕುನ ಬೇಡವೆಂದು ಮರುವರ್ಷವೇ ಕಾಗುಣಿತ ಬದಲಿಸಿ, ಸೂರ್ಯ ಎಂಬರ್ಥ ಬರುವಂತೆ ಮಾಡಲಾಯಿತು. ಉದ್ಯಮಿ ಯೊಶಿಸುಕೆ ಐಕಾವಾ ಅವರ ಕೈಸೇರಿದ ಈ ವ್ಯವಹಾರ 1934ರಲ್ಲಿ ನಿಸ್ಸಾನ್ ಮೋಟಾರ್ ಕಂಪನಿಯಾಯಿತು. ದಟ್ಸನ್ ಅದರ ಸಣ್ಣ ಕಾರುಗಳ ಹೆಸರಾಗಿ ಮುಂದುವರಿಯಿತು.

ಜಗದಗಲ ಕೀರ್ತಿ

ಎರಡನೇ ಮಹಾಯುದ್ಧದ ನಂತರ ದಟ್ಸನ್ ವಿದೇಶಗಳತ್ತ ಮುಖ ಮಾಡಿತು. 1958ರಲ್ಲಿ ಆಸ್ಟ್ರೇಲಿಯಾ ಖಂಡವನ್ನು ಸುತ್ತುವ ಕಠಿಣ ಮೋಟಾರು ಸ್ಪರ್ಧೆಯಲ್ಲಿ ದಟ್ಸನ್ 210 ತನ್ನ ವರ್ಗದಲ್ಲಿ ಗೆದ್ದಿತು. ಅದೇ ವರ್ಷ ಅಮೆರಿಕಕ್ಕೆ ರಫ್ತು ಆರಂಭವಾಯಿತು. 1969ರಲ್ಲಿ ಬಂದ 240ಝಡ್ ಸ್ಪೋರ್ಟ್ಸ್ ಕಾರು ಬ್ರಾಂಡ್‌ಗೆ ಹೊಸ ವರ್ಚಸ್ಸು ತಂದಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ದುಬಾರಿಯಾದಾಗ, ಕಡಿಮೆ ಇಂಧನ ಬೇಡುವ ಜಪಾನಿನ ಸಣ್ಣ ಕಾರುಗಳಿಗೆ ಅಮೆರಿಕನ್ನರು ಮುಗಿಬಿದ್ದರು. ಎಂಜಿನ್ ಗಟ್ಟಿ, ಆದರೆ ತಗಡಿಗೆ ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಆ ಕಾಲದ ಮಾಲೀಕರ ಸಾಮಾನ್ಯ ಮಾತಾಗಿತ್ತು.

ಇಷ್ಟಾದರೂ 1981ರಲ್ಲಿ ಕಂಪನಿಯು ದಟ್ಸನ್ ಹೆಸರನ್ನು ಕೈಬಿಟ್ಟು ಎಲ್ಲ ಕಾರುಗಳನ್ನೂ 'ನಿಸ್ಸಾನ್' ಹೆಸರಿನಲ್ಲೇ ಮಾರಲು ತೀರ್ಮಾನಿಸಿತು. 1986ರ ವೇಳೆಗೆ ಹಳೆಯ ಹೆಸರು ಸಂಪೂರ್ಣ ಮರೆಯಾಯಿತು.

ಆ ದಿನಗಳಲ್ಲಿ ಭಾರತದ ರಸ್ತೆಗೆ ದಟ್ಸನ್ ಕಾರುಗಳು ಬರಲಿಲ್ಲವಾದರೂ ಅವುಗಳ ಎಂಜಿನ್ ಬಂದಿತ್ತು. ಮುಂಬೈನ ಪ್ರೀಮಿಯರ್ ಕಂಪನಿ 1980ರ ದಶಕದ ಮಧ್ಯಭಾಗದಲ್ಲಿ ಹೊರತಂದ '118 ಎನ್‌ಇ' ಕಾರಿನಲ್ಲಿ ನಿಸ್ಸಾನ್‌ನ 1,171 ಸಿಸಿ ಎಂಜಿನ್ ಇತ್ತು. ಇದು ದಟ್ಸನ್ ಸನ್ನಿ ಕಾರುಗಳಲ್ಲಿ ಬಳಕೆಯಾಗಿದ್ದ ಎಂಜಿನ್.

ಮರುಹುಟ್ಟು

ಸುಮಾರು ಕಾಲು ಶತಮಾನದ ಬಳಿಕ, 2012ರ ಮಾರ್ಚ್‌ನಲ್ಲಿ, ನಿಸ್ಸಾನ್ ಮುಖ್ಯಸ್ಥ ಕಾರ್ಲೋಸ್ ಘೋಸ್ನ್ ಅವರು ದಟ್ಸನ್ ಬ್ರಾಂಡ್‌ಗೆ ಮರುಜೀವ ನೀಡುವುದಾಗಿ ಜಕಾರ್ತಾದಲ್ಲಿ ಪ್ರಕಟಿಸಿದರು. ಭಾರತ, ಇಂಡೊನೇಷ್ಯಾ ಮತ್ತು ರಷ್ಯಾದಲ್ಲಿ ಮೊದಲ ಬಾರಿಗೆ ಕಾರು ಕೊಳ್ಳುವವರನ್ನು ಗುರಿಯಾಗಿಸಿಕೊಳ್ಳಲಾಗಿತ್ತು. ಬಳಿಕ ದಕ್ಷಿಣ ಆಫ್ರಿಕಾವೂ ಸೇರಿಕೊಂಡಿತು. 2013ರ ಜುಲೈನಲ್ಲಿ ಗುರಗಾಂವ್‌ನಲ್ಲಿ 'ಗೋ' ಅನಾವರಣಗೊಂಡಿತು. ನಿಸ್ಸಾನ್ ಮೈಕ್ರಾ ಕಾರಿನ ತಳಹದಿ ಬಳಸಿ ರೂಪಿಸಿದ್ದ ಈ ಕಾರು ಚೆನ್ನೈ ಸಮೀಪದ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು.

2015ರ ಜನವರಿಯಲ್ಲಿ ಮೂರು ಸಾಲು ಆಸನಗಳ 'ಗೋ ಪ್ಲಸ್' ಬಂದಿತು. ನಾಲ್ಕು ಮೀಟರ್‌ಗಿಂತ ಗಿಡ್ಡ ಕಾರುಗಳಿಗೆ ತೆರಿಗೆ ಕಡಿಮೆ ಇದ್ದುದರಿಂದ ಇದರ ಉದ್ದವನ್ನು 3,995 ಮಿ.ಮೀ.ಗೆ ಮಿತಿಗೊಳಿಸಲಾಗಿತ್ತು. 2016ರ ಜೂನ್‌ನಲ್ಲಿ 0.8 ಲೀಟರ್ ಎಂಜಿನ್ನಿನ 'ರೆಡಿ ಗೋ' 2.38 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಿಡುಗಡೆಯಾಯಿತು. ರೆನೊ ಕ್ವಿಡ್ ಕಾರಿನೊಂದಿಗೆ ಇದು ತಳಹದಿ ಮತ್ತು ಎಂಜಿನ್ ಹಂಚಿಕೊಂಡಿತ್ತು. 2017ರಲ್ಲಿ ಇದೇ ಕಾರಿಗೆ 1 ಲೀಟರ್ ಎಂಜಿನ್ ಕೂಡ ಲಭ್ಯವಾಯಿತು.

ಮಾಲೀಕರು ಮೆಚ್ಚಿದ್ದು

ದ್ವಿಚಕ್ರ ವಾಹನದಿಂದ ಕಾರಿಗೆ ಬಡ್ತಿ ಪಡೆದ ಕುಟುಂಬಗಳಿಗೆ ದಟ್ಸನ್ ಕೊಟ್ಟದ್ದು ಕಡಿಮೆಯೇನಲ್ಲ. 'ಗೋ' ಕಾರಿನ ಒಳಾಂಗಣ ಅದೇ ಬೆಲೆಯ ಇತರ ಕಾರುಗಳಿಗಿಂತ ವಿಶಾಲವಾಗಿತ್ತು. 265 ಲೀಟರ್ ಡಿಕ್ಕಿಯಲ್ಲಿ ಊರಿಗೆ ಹೊರಟ ಸಂಸಾರದ ಚೀಲಗಳಿಗೆ ಸ್ಥಳವಿತ್ತು. 68 ಅಶ್ವಶಕ್ತಿಯ ಎಂಜಿನ್, ಹಗುರ ಮೈಕಟ್ಟಿನ ಕಾರಣ ಏರುದಾರಿಯಲ್ಲೂ ಹೆದ್ದಾರಿಯಲ್ಲೂ ಲವಲವಿಕೆಯಿಂದ ಓಡುತ್ತಿತ್ತು. ಪ್ರಮಾಣೀಕೃತ ಮೈಲೇಜ್ ಲೀಟರ್‌ಗೆ 20.63 ಕಿ.ಮೀ.

'ರೆಡಿ ಗೋ' ನಗರದ ಮಾಲೀಕರ ಮೆಚ್ಚುಗೆ ಗಳಿಸಿತು. ಎತ್ತರದ ಆಸನ, ರಸ್ತೆ ಉಬ್ಬುಗಳಿಗೆ ತಾಗದ 185 ಮಿ.ಮೀ. ನೆಲದಂತರ, ಕಿರಿದಾದ ಜಾಗದಲ್ಲೂ ನಿಲ್ಲಿಸಬಹುದಾದ ಗಾತ್ರ ಇದಕ್ಕೆ ಕಾರಣ. ಎರಡೂ ಕಾರುಗಳ ನಿರ್ವಹಣಾ ವೆಚ್ಚ ಹೊರೆಯೆನಿಸುವಷ್ಟು ಇರಲಿಲ್ಲ.

ಬೆಲೆಯಲ್ಲಿ ಕಳೆದದ್ದೇನು?

ಮಾಲೀಕರ ಆಕ್ಷೇಪಗಳಿಗೂ ಕೊರತೆಯಿರಲಿಲ್ಲ. 'ಗೋ' ಬಾಗಿಲುಗಳ ಒಳಬದಿಯಲ್ಲಿ ಬಣ್ಣ ಬಳಿದ ತಗಡು ಹಾಗೆಯೇ ಕಾಣುತ್ತಿತ್ತು. ಮುಂಭಾಗದ ಖಾನೆಗೆ ಮುಚ್ಚಳವಿರಲಿಲ್ಲ. ಹ್ಯಾಂಡ್‌ಬ್ರೇಕ್ ಅನ್ನು ಹಳೆಯ ಕಾರುಗಳಂತೆ ಡ್ಯಾಶ್‌ಬೋರ್ಡ್ ಕೆಳಗಿನಿಂದ ಎಳೆಯಬೇಕಿತ್ತು. ರೇಡಿಯೊ, ಸ್ಟೀರಿಯೊ ಬದಲಿಗೆ ಮೊಬೈಲ್ ಫೋನ್ ಸಿಕ್ಕಿಸುವ ಸ್ಟ್ಯಾಂಡ್ ಮತ್ತು ಸ್ಪೀಕರ್ ಮಾತ್ರ ನೀಡಲಾಗಿತ್ತು. ಮೂರು ಸಿಲಿಂಡರ್ ಎಂಜಿನ್ನಿನ ಕಂಪನ ಹಾಗೂ ಹೊರಗಿನ ಸದ್ದು ಕಾರಿನೊಳಗೆ ಧಾರಾಳವಾಗಿ ಬರುತ್ತಿತ್ತು. 'ಗೋ ಪ್ಲಸ್' ಮೂರನೇ ಸಾಲಿನಲ್ಲಿ ಮಕ್ಕಳ ಹೊರತು ದೊಡ್ಡವರು ಕೂರುವುದು ಕಷ್ಟವಾಗಿತ್ತು.

ಜಾಹೀರಾತಿನಲ್ಲಿ ಕಂಡ ಬೆಲೆಗೂ ರಸ್ತೆಗಿಳಿದ ಬೆಲೆಗೂ ಅಂತರವಿತ್ತು. 3.12 ಲಕ್ಷ ರೂಪಾಯಿ ಕೆಳದರ್ಜೆಯ ಮಾದರಿಯ ದೆಹಲಿ ಷೋರೂಂ ಬೆಲೆಯಾಗಿದ್ದು, ಮೇಲ್ದರ್ಜೆಯ ಮಾದರಿಗೆ 3.70 ಲಕ್ಷ ರೂಪಾಯಿ ಇತ್ತು. ಅದರ ಮೇಲೆ ವಿಮೆ ಹಾಗೂ ಆಜೀವ ತೆರಿಗೆ ಸೇರುತ್ತದೆ. ಕರ್ನಾಟಕದಲ್ಲಿ ಐದು ಲಕ್ಷ ರೂಪಾಯಿವರೆಗಿನ ಕಾರುಗಳಿಗೂ ಶೇ 13ರಷ್ಟು ಆಜೀವ ತೆರಿಗೆ ಮತ್ತು ಉಪಕರ ತೆರಬೇಕಿತ್ತು. ಇಷ್ಟು ಕೊಟ್ಟ ಮೇಲೆ ಸೀಟಿನ ಕವರ್, ಮ್ಯೂಸಿಕ್ ಸಿಸ್ಟಂಗಳಿಗೆ ಮಾಲೀಕರು ಮತ್ತೆ ಕೈಯಿಂದ ಖರ್ಚು ಮಾಡುತ್ತಿದ್ದರು.

ಈ ಕೊರತೆಗಳು ಕಣ್ಣಿಗೆ ಕಾಣುವಂಥವು, ಹಣ ಕೊಟ್ಟು ಸರಿಪಡಿಸಬಹುದಾದಂಥವು. ಆದರೆ ಕಾಣದ ಕೊರತೆಯೊಂದು ಬಾಕಿಯಿತ್ತು.

ಸೊನ್ನೆ ನಕ್ಷತ್ರ

ಆರಂಭದ 'ಗೋ' ಕಾರಿನಲ್ಲಿ ಏರ್‌ಬ್ಯಾಗ್ ಆಗಲಿ, ಎಬಿಎಸ್ ಬ್ರೇಕ್ ವ್ಯವಸ್ಥೆಯಾಗಲಿ ಇರಲಿಲ್ಲ. ಹೆಚ್ಚು ಹಣ ಕೊಡುತ್ತೇವೆಂದರೂ ಅವು ಲಭ್ಯವಿರಲಿಲ್ಲ. 2014ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಈ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ವಯಸ್ಕರ ಸುರಕ್ಷತೆಯಲ್ಲಿ ಅದಕ್ಕೆ ಸೊನ್ನೆ ನಕ್ಷತ್ರ ದೊರೆಯಿತು. ಕಾರಿನ ಕವಚವೇ ಕುಸಿದುದರಿಂದ ಏರ್‌ಬ್ಯಾಗ್ ಅಳವಡಿಸಿದರೂ ಪ್ರಯೋಜನವಾಗದು ಎಂದು ಸಂಸ್ಥೆ ಅಭಿಪ್ರಾಯಪಟ್ಟಿತು. ಅದರ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅವರು ಘೋಸ್ನ್ ಅವರಿಗೆ ಪತ್ರ ಬರೆದು, ಕಾರನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ಆಗ್ರಹಿಸಿದರು. ಭಾರತದ ನಿಯಮಗಳಿಗೆ ಕಾರು ಬದ್ಧವಾಗಿದೆ ಎಂದು ನಿಸ್ಸಾನ್ ಉತ್ತರಿಸಿತು.

ಕಂಪನಿಯ ಮಾತು ಸುಳ್ಳಾಗಿರಲಿಲ್ಲ. ಇಂಥ ಡಿಕ್ಕಿ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮವೇ ಆಗ ದೇಶದಲ್ಲಿ ಜಾರಿಯಲ್ಲಿರಲಿಲ್ಲ. ಅದೇ ವರ್ಷದ ಪರೀಕ್ಷೆಗಳಲ್ಲಿ ಸೊನ್ನೆ ಪಡೆದ ಇತರ ಜನಪ್ರಿಯ ಸಣ್ಣ ಕಾರುಗಳೂ ಇದ್ದವು. ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ 2017ರ ಅಕ್ಟೋಬರ್‌ನಿಂದ, ಹಳೆಯ ಮಾದರಿಗಳಿಗೆ 2019ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ನಕ್ಷತ್ರ ನೀಡುವ ದೇಶದ್ದೇ ಆದ 'ಭಾರತ್ ಎನ್‌ಕ್ಯಾಪ್' ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು.

ಟೀಕೆಯ ಬಳಿಕ ದಟ್ಸನ್ ಕೂಡ ಬದಲಾಯಿತು. 2018ರ ಅಕ್ಟೋಬರ್‌ನಲ್ಲಿ ಪರಿಷ್ಕೃತ ಗೋ ಮತ್ತು ಗೋ ಪ್ಲಸ್ ಕಾರುಗಳ ಎಲ್ಲ ದರ್ಜೆಗಳಲ್ಲೂ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಅಳವಡಿಸಲಾಯಿತು. 2019ರಲ್ಲಿ 'ರೆಡಿ ಗೋ' ಕಾರಿಗೆ ಚಾಲಕನ ಏರ್‌ಬ್ಯಾಗ್ ಹಾಗೂ ಎಬಿಎಸ್ ಬಂದವು. ಅದೇ ವರ್ಷದ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಒಂದು ನಕ್ಷತ್ರ ಲಭಿಸಿತು.

ಮೌನ ನಿರ್ಗಮನ

ದಟ್ಸನ್ ವಿಫಲವಾಗಲು ಸುರಕ್ಷತೆಯೊಂದೇ ಕಾರಣವಲ್ಲ. ಮಾರುತಿ, ಹುಂಡೈ ಕಂಪನಿಗಳಿಗೆ ಹೋಲಿಸಿದರೆ ಸರ್ವೀಸ್ ಕೇಂದ್ರಗಳ ಜಾಲ ಚಿಕ್ಕದು. ಒಂದೇ ಕಾರ್ಖಾನೆಯಿಂದ ಹೊರಬರುತ್ತಿದ್ದ ಕ್ವಿಡ್, ಎಸ್‌ಯುವಿ ಹೋಲುವ ರೂಪದಿಂದ ಗ್ರಾಹಕರನ್ನು ಸೆಳೆಯಿತು. ಜೀವನದಲ್ಲಿ ಮೊದಲ ಕಾರು ಕೊಳ್ಳುವವರು 'ಅಗ್ಗದ ಕಾರು' ಎಂಬ ಹಣೆಪಟ್ಟಿಯನ್ನು ಇಷ್ಟಪಡುವುದಿಲ್ಲ ಎಂಬ ಸಂಗತಿಯನ್ನು ಟಾಟಾ ನ್ಯಾನೊ ಅದಾಗಲೇ ತೋರಿಸಿಕೊಟ್ಟಿತ್ತು. 2018ರ ನವೆಂಬರ್‌ನಲ್ಲಿ ಘೋಸ್ನ್ ಅವರ ಬಂಧನವಾಗಿ, ಯೋಜನೆಯ ರೂವಾರಿಯೇ ಇಲ್ಲವಾದರು. 2020ರಲ್ಲಿ ಇಂಡೊನೇಷ್ಯಾ ಮತ್ತು ರಷ್ಯಾದಲ್ಲಿ ತಯಾರಿಕೆ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತದಲ್ಲಿ ಮ್ಯಾಗ್ನೈಟ್ ಬಿಡುಗಡೆಯಾದ ಬಳಿಕ ನಿಸ್ಸಾನ್ ಗಮನ ಅತ್ತ ಹರಿಯಿತು. ಗೋ, ಗೋ ಪ್ಲಸ್ ಮೊದಲು ನಿಂತವು. 2022ರಲ್ಲಿ ರೆಡಿ ಗೋ ಸರದಿ ಬಂದಿತು.

ಈಗ ಮಾಲೀಕರ ಮುಂದಿರುವುದು

ಖಾಸಗಿ ಕಾರಿನ ಮೊದಲ ನೋಂದಣಿ ಅವಧಿ 15 ವರ್ಷ. 2014ರಲ್ಲಿ ಕೊಂಡ 'ಗೋ' 2029ರವರೆಗೆ, 2021ರ 'ರೆಡಿ ಗೋ' 2036ರವರೆಗೆ ರಸ್ತೆಯಲ್ಲಿರಬಹುದು. ಸರ್ವೀಸ್, ಬಿಡಿಭಾಗ ಹಾಗೂ ವಾರಂಟಿಯನ್ನು ನಿಸ್ಸಾನ್ ಜಾಲದ ಮೂಲಕ ಮುಂದುವರಿಸುವುದಾಗಿ ಕಂಪನಿ ನಿರ್ಗಮನದ ಸಂದರ್ಭದಲ್ಲಿ ಭರವಸೆ ನೀಡಿತ್ತು.

ಮಾಲೀಕರಿಗೆ ನೆರವಾಗುವ ಅಂಶವೆಂದರೆ ದಟ್ಸನ್ ಕಾರುಗಳು ಒಂಟಿಯಲ್ಲ. ಗೋ ಎಂಜಿನ್ ಮೈಕ್ರಾ ಕುಟುಂಬಕ್ಕೆ, ರೆಡಿ ಗೋ ಎಂಜಿನ್‌ಗಳು ಕ್ವಿಡ್‌ಗೆ ಹತ್ತಿರದವು. ಹೀಗಾಗಿ ಎಂಜಿನ್‌ಗೆ ಸಂಬಂಧಿಸಿದ ಸಾಮಾನುಗಳ ಚಿಂತೆ ಕಡಿಮೆ. ಬಂಪರ್, ಹೆಡ್‌ಲೈಟ್, ಬಾಗಿಲು, ಗಾಜಿನಂಥ ಆ ಮಾದರಿಗೆ ಮಾತ್ರ ಸೇರಿದ ಭಾಗಗಳಿಗೆ ಕಾಯಬೇಕಾಗಬಹುದು. ಸಣ್ಣ ಅಪಘಾತವೂ ಕಾರನ್ನು ಗ್ಯಾರೇಜಿನಲ್ಲಿ ದಿನಗಟ್ಟಲೆ ನಿಲ್ಲಿಸಬಹುದಾದ್ದರಿಂದ ಸಮಗ್ರ ವಿಮೆಯನ್ನು ಮುಂದುವರಿಸುವುದು ಜಾಣತನ.

ತಯಾರಿಕೆ ನಿಂತ ಬ್ರಾಂಡ್‌ಗೆ ಮರುಮಾರಾಟದ ಬೆಲೆ ಕುಸಿಯುವುದು ಸಹಜ. ಮಾರುವವರಿಗೆ ಇದು ನಷ್ಟ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಆಕರ್ಷಣೆ. ಆದರೆ ಕೊಳ್ಳುವವರು ಬೆಲೆಗಿಂತ ಮೊದಲು ತಯಾರಿಕೆಯ ತಿಂಗಳನ್ನು ನೋಡಬೇಕು. ಗೋ, ಗೋ ಪ್ಲಸ್ ಆದರೆ 2018ರ ಅಕ್ಟೋಬರ್ ನಂತರದ ಪರಿಷ್ಕೃತ ಕಾರೇ ಎಂಬುದನ್ನು, ರೆಡಿ ಗೋ ಆದರೆ ಏರ್‌ಬ್ಯಾಗ್ ಮತ್ತು ಎಬಿಎಸ್ ಇವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹತ್ತಿರದ ನಿಸ್ಸಾನ್ ಸರ್ವೀಸ್ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನೂ, ಹಳೆಯ ಸರ್ವೀಸ್ ದಾಖಲೆಗಳನ್ನೂ ಪರಿಶೀಲಿಸುವುದು ಒಳಿತು.

ಹಳೆಯ 'ಗೋ' ಈಗಾಗಲೇ ಮನೆಯಲ್ಲಿದ್ದರೆ ಅದಕ್ಕೆ ಹೊಸದಾಗಿ ಏರ್‌ಬ್ಯಾಗ್ ಜೋಡಿಸುವುದು ಕಾರ್ಯಸಾಧ್ಯವಲ್ಲ. ಮುಂದೆ ಮತ್ತು ಹಿಂದೆ ಕುಳಿತವರೆಲ್ಲರೂ ಸೀಟ್ ಬೆಲ್ಟ್ ಧರಿಸುವುದು, ಟೈರ್ ಮತ್ತು ಬ್ರೇಕ್‌ಗಳನ್ನು ಸಕಾಲಕ್ಕೆ ಬದಲಿಸುವುದು, ಹೆದ್ದಾರಿಯಲ್ಲಿ ವೇಗಕ್ಕೆ ಕಡಿವಾಣ ಹಾಕುವುದು ಮಾಲೀಕರ ಕೈಯಲ್ಲಿರುವ ಉಪಾಯಗಳು. 3.12 ಲಕ್ಷ ರೂಪಾಯಿಯ ಬೆಲೆಪಟ್ಟಿಯಲ್ಲಿ ನಮೂದಾಗದಿದ್ದ ಈ ಎಚ್ಚರಿಕೆಯ ಬಾಬ್ತು, ಆ ಕಾರು ರಸ್ತೆಯಲ್ಲಿರುವಷ್ಟು ಕಾಲವೂ ಅದನ್ನು ಓಡಿಸುವವರ ಪಾಲಿಗೇ ಉಳಿಯಲಿದೆ.